ಮೊದಲು ಯಾರಿಗೆ ಹೇಳಿದ್ದು

ಆ ಊರಿನಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ಪಳಗಿದವರು. ಎಲ್ಲರೂ ಅವಳನ್ನು ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅವಳು ಅದನ್ನು ತುಳಿಯುವುದೇ ಅಪರೂಪ. ಬಾಯಲ್ಲಿ "ಬ್ರೇಕು!" ಎಂದು ಗದರಿದರೆ ಸಾಕು, ಪಕ್ಕದ ರಸ್ತೆಯ ಗಾಡಿಗಳೂ ಗಕ್ಕನೆ ನಿಲ್ಲುತ್ತವೆ ಎಂದು ಶಿಷ್ಯೆಯರು ನಗುತ್ತಿದ್ದರು.

ನಲವತ್ತೈದು ದಾಟಿದ ಮೇಲೆ ತಿಂಗಳ ಸ್ರಾವ ಜಾಸ್ತಿಯಾಯಿತು. ಈ ವಯಸ್ಸಿನಲ್ಲಿ ಹೀಗೆಲ್ಲ ಆಗುತ್ತದೆ, ನಿಲ್ಲುವ ಮುಂಚಿನ ಆರ್ಭಟ ಎಂದುಕೊಂಡು ಸೀಟಿನ ಮೇಲೆ ಕಪ್ಪು ಟವೆಲ್ ಹಾಸಿಕೊಂಡು ಪಾಠ ಮುಂದುವರಿಸಿದಳು. ಆದರೆ ಒಂದು ದಿನ ಸೀಟ್ ಬೆಲ್ಟ್ ಎಳೆದು ಹಾಕಿಕೊಳ್ಳುವಾಗ ಹೊಕ್ಕುಳಿನ ಕೆಳಗೆ ಏನೋ ಗಟ್ಟಿಯಾಗಿ ಒತ್ತಿತು. ಬೆಲ್ಟ್ ಸಡಿಲಿಸಿ ಕೈಯಿಟ್ಟು ನೋಡಿದಳು. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ನಡುಗುತ್ತಿದ್ದ ಹೊಸ ಶಿಷ್ಯೆ, "ಏನಾಯ್ತು ಮೇಡಂ?" ಎಂದಳು. "ಏನಿಲ್ಲ, ಹೊಟ್ಟೆ ಬೆಳೆದಿದೆ. ನೀನು ಕನ್ನಡಿ ನೋಡು," ಎಂದು ಗಾಡಿ ಹೊರಡಿಸಿದಳು. ಪಾಠ ಮುಗಿದ ಕೂಡಲೇ ಅವಳು ಪುಟ್ಟಿಗೆ ಫೋನ್ ಮಾಡಿದಳು.

ಪುಟ್ಟಿ ಅಂದರೆ ನಾದಿನಿ, ಗಂಡನ ತಂಗಿ. ಹೆಸರಿಗಷ್ಟೇ ಪುಟ್ಟಿ, ಊರಿನ ದೊಡ್ಡ ನರ್ಸಿಂಗ್ ಹೋಮಿನಲ್ಲಿ ಹೆಂಗಸರ ಕಾಯಿಲೆಗಳ ಡಾಕ್ಟರು. ಮೇಡಂ ಮದುವೆಯಾಗಿ ಬಂದಾಗ ಆ ಹುಡುಗಿ ಹೈಸ್ಕೂಲಿನಲ್ಲಿದ್ದಳು. ಅದರ ಹಿಂದಿನ ವರ್ಷ ತಾಯಿ ತೀರಿಕೊಂಡಿದ್ದಳು. ಅಣ್ಣ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಒಳ್ಳೆಯ ಮನುಷ್ಯ, ಆದರೆ ತಂಗಿಯ ಜಡೆ ಹೆಣೆಯುವುದಕ್ಕೂ ಬಾರದವನು. ಅತ್ತಿಗೆಯಾಗಿ ಬಂದವಳು ಜಡೆ ಹಾಕಿದಳು, ಪರೀಕ್ಷೆಯ ದಿನಗಳಲ್ಲಿ ಹಾಲು ಕಾಯಿಸಿಕೊಟ್ಟಳು, ಮೊದಲ ಸಲ ಮುಟ್ಟಾದಾಗ ಹೆದರಿ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡವಳನ್ನು ಹೊರಗೆ ಕರೆದಳು, ಮೆಡಿಕಲ್ ಕಾಲೇಜಿಗೆ ತಾನೇ ಕಾರಿನಲ್ಲಿ ಬಿಟ್ಟು ಬಂದಳು. ಮೇಡಂಗೆ ಮಕ್ಕಳಾಗಲಿಲ್ಲ. ಯಾರಾದರೂ ಅದರ ಬಗ್ಗೆ ಮರುಕ ತೋರಿಸಿದರೆ, "ಬೆಳೆದು ನಿಂತ ಮಗಳೇ ಸಿಕ್ಕಿದಾಳೆ, ಹೆರೋ ಕಷ್ಟವೂ ತಪ್ತು," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಪುಟ್ಟಿ ಅತ್ತಿಗೆಯ ಹೊಟ್ಟೆ ಮುಟ್ಟಿ ನೋಡಿ, ಸ್ಕ್ಯಾನಿಗೆ ಕಳಿಸಿದಳು. ಸ್ಕ್ಯಾನ್ ಮಾಡಿದ ಡಾಕ್ಟರು ತಣ್ಣನೆಯ ಜೆಲ್ ಬಳಿದು ಬಹಳ ಹೊತ್ತು ಒಂದೇ ಜಾಗದಲ್ಲಿ ಒತ್ತಿ ಒತ್ತಿ ನೋಡಿದರು. "ಗರ್ಭಕೋಶದಲ್ಲಿ ಗಡ್ಡೆ ಇದೆ. ಹೋದ ವರ್ಷ ನೀವು ಚೆಕಪ್ಪಿಗೆ ಅಂತ ಮಾಡಿಸಿದ್ದ ಸ್ಕ್ಯಾನ್‌ನಲ್ಲಿ ನಿಂಬೆಹಣ್ಣಿನಷ್ಟಿತ್ತು, ಈಗ ದಪ್ಪ ಮಾವಿನಕಾಯಿ. ಇಷ್ಟು ಬೇಗ ಬೆಳೆದಿರೋದ್ರಿಂದ ಒಂದು ಎಂಆರ್‌ಐ ಮಾಡಿಸೋದು ಒಳ್ಳೇದು," ಎಂದರು.

ಅದನ್ನು ಬಂದು ಹೇಳಿದಾಗ ಪುಟ್ಟಿ ನಕ್ಕಳು. "ಅತ್ತಿಗೆ, ಇದು ಫೈಬ್ರಾಯ್ಡ್. ಮಾಂಸದ ಗಂಟು, ಅಷ್ಟೇ. ವಾರಕ್ಕೆ ನಾಲ್ಕು ತೆಗೀತೀನಿ ನಾನು. ಅವರು ಎಲ್ಲರಿಗೂ ಎಂಆರ್‌ಐ ಅಂತಾರೆ."

"ಹೊಟ್ಟೆ ಕೊಯ್ತೀಯಾ?"

"ಕೊಯ್ದರೆ ನೀವು ಎರಡು ತಿಂಗಳು ಗಾಡಿ ಮುಟ್ಟೋ ಹಾಗಿಲ್ಲ. ಅದೆಲ್ಲ ಬೇಡ. ಮೂರು ಸಣ್ಣ ತೂತು ಮಾಡಿ, ಗರ್ಭಕೋಶನೂ ಗಡ್ಡೆನೂ ಒಳಗೇ ಚೂರು ಮಾಡಿ ಎಳೆದುಬಿಡ್ತೀನಿ. ಅದಕ್ಕೇ ಒಂದು ಯಂತ್ರ ಇದೆ, ಗರಗರ ತಿರುಗುತ್ತೆ. ಎರಡೇ ವಾರಕ್ಕೆ ನೀವು ರಸ್ತೇಲಿ ನಿಂತು ಜನರನ್ನ ಬೈಬಹುದು."

"ಹಾಗಾದ್ರೆ ತೆಗೆದುಬಿಡು. ಒಂದು ದಿನವೂ ನನಗೆ ಉಪಕಾರ ಮಾಡಿದ್ದಲ್ಲ ಅದು," ಎಂದು ಮೇಡಂ ನಕ್ಕಳು. ಪುಟ್ಟಿ ತೋರಿಸಿದ ಕಡೆ ಸಹಿ ಹಾಕಿದಳು. ಮಗಳಂಥವಳು ಕೊಯ್ಯುವಾಗ ಏನಂತ ಕೇಳುವುದು?

ಆಪರೇಷನ್ ಸಲೀಸಾಗಿ ಮುಗಿಯಿತು. ಎಚ್ಚರವಾದಾಗ ಪುಟ್ಟಿ ಮಂಚದ ಪಕ್ಕದಲ್ಲಿ ಕೂತು ಅವಳ ತಲೆ ನೇವರಿಸುತ್ತಿದ್ದಳು. ತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದೇನೆ, ಅದು ವಾಡಿಕೆ, ಫಲಿತಾಂಶ ಬಂದ ಮೇಲೆ ತಿಳಿಸುತ್ತೇನೆ ಎಂದಳು. ಮೂರನೆಯ ದಿನ ಮೇಡಂ ಮನೆಗೆ ಬಂದಳು.

ಸ್ವಲ್ಪ ದಿನಗಳಾದ ಮೇಲೆ ಮೇಷ್ಟ್ರು ಶಾಲೆಯಿಂದ ತಡವಾಗಿ ಬಂದರು. ಚಪ್ಪಲಿ ಬಿಡುತ್ತ, ಮುಖ ಎತ್ತದೆ, "ಪುಟ್ಟಿ ಸಿಕ್ಕಿದ್ಲು. ಎಲ್ಲಾ ನಾರ್ಮಲ್ ಅಂತೆ," ಎಂದರು.

"ಅಲ್ಲಿಗೆ ಪೀಡೆ ಕಳೀತು," ಎಂದು ಮೇಡಂ ಅಡುಗೆಮನೆಯಿಂದಲೇ ಅಂದಳು. "ಅವಳೇ ಬಂದು ಹೇಳಬಾರದಿತ್ತೇ?"

"ಅವಳಿಗೆ ಉಸಿರಾಡೋಕೂ ಪುರುಸೊತ್ತಿಲ್ಲ. ನಿನ್ನನ್ನ ಕೇಳಿದ್ಲು, ಚೆನ್ನಾಗಿ ಊಟ ಮಾಡೋಕೆ ಹೇಳಿದ್ಲು."

ಅಲ್ಲಿಂದ ಮುಂದೆ ಪುಟ್ಟಿ ಮನೆ ಕಡೆ ತಲೆ ಹಾಕಲಿಲ್ಲ. ಭಾನುವಾರದ ಊಟಕ್ಕೂ ಬರಲಿಲ್ಲ. ಮೇಷ್ಟ್ರು ಮಾತ್ರ ಆಗಾಗ ಅವಳ ಸುದ್ದಿ ತರುತ್ತಿದ್ದರು. ಪುಟ್ಟಿ ಕೇಳಿದಳು, ಪುಟ್ಟಿ ಹೀಗಂದಳು, ಮುಂದಿನ ವಾರ ಖಂಡಿತ ಬರುತ್ತಾಳಂತೆ. ಮೇಡಂಗೆ ಮುನಿಸು ಬಂತು. ಆಪರೇಷನ್ ಮಾಡಿಸಿಕೊಂಡವಳು ನಾನು, ಬಂದು ವಿಚಾರಿಸಬೇಕಾದವಳು ಅವಳು. ನಾನೇ ಫೋನ್ ಮಾಡಿ ಗೋಗರೆಯಬೇಕೇ? ಮೇಡಂ ಕೂಡ ಫೋನ್ ಮಾಡಲಿಲ್ಲ. ಬಿಗುಮಾನ ಅವಳಿಗೂ ಕಡಿಮೆಯಿರಲಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆ ಮತ್ತೆ ಬಿಗಿಯತೊಡಗಿತು. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ. ಮೇಷ್ಟ್ರು "ಗ್ಯಾಸ್ ಇರಬೇಕು" ಎಂದು ಮಾತ್ರೆ ತಂದುಕೊಟ್ಟರು. ಅದರ ಜೊತೆ ಅವರು ನೀರಿಲ್ಲದ ಖಾಲಿ ಲೋಟ ಚಾಚಿದ್ದನ್ನು ಅವಳು ಗಮನಿಸಿದಳು. ಮನುಷ್ಯನಿಗೆ ವಯಸ್ಸಾಗುತ್ತಿದೆ ಎಂದುಕೊಂಡಳು. ಒಂದು ಬೆಳಿಗ್ಗೆ ಸೀಟ್ ಬೆಲ್ಟ್ ಹಾಕಿಕೊಳ್ಳಲಾಗದಷ್ಟು ನೋವಾದಾಗ ಪಾಠ ರದ್ದು ಮಾಡಿ ಸೀದಾ ನರ್ಸಿಂಗ್ ಹೋಮಿಗೆ ಹೋದಳು. ಪುಟ್ಟಿ ಅಂದು ರಜೆ. ಅವಳ ಬದಲಿಗೆ ಕೂತಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, ಓದಿ, ಬಹಳ ಮೃದುವಾದ ದನಿಯಲ್ಲಿ ಕೇಳಿದರು:

"ಎಲ್ಲಿ ತೋರಿಸ್ತಿದೀರಿ ಈಗ? ಕೀಮೋ ಎಷ್ಟಾಯ್ತು?"

"ಯಾವ ಕೀಮೋ?"

ಆ ಡಾಕ್ಟರು ಪರದೆ ನೋಡಿದರು, ಇವಳನ್ನು ನೋಡಿದರು, ಮತ್ತೆ ಪರದೆ ನೋಡಿದರು. ಅವರ ಕತ್ತು ಕೆಂಪಾಯಿತು. "ನಿಮಗೆ... ನಿಮ್ಮ ಜೊತೆ ಯಾರಾದ್ರೂ ಬಂದಿದಾರಾ?"

"ನಾನೇ ಬಂದಿದೀನಲ್ಲ. ನನಗೇ ಹೇಳಿ."

ಹೇಳಿದರು. ಗಡ್ಡೆ ಫೈಬ್ರಾಯ್ಡ್ ಆಗಿರಲಿಲ್ಲ. ಗರ್ಭಕೋಶದ ಸ್ನಾಯುವಿನಲ್ಲೇ ಹುಟ್ಟುವ ಒಂದು ಅಪರೂಪದ ಕ್ಯಾನ್ಸರ್, ಸಾರ್ಕೋಮಾ ಎನ್ನುತ್ತಾರೆ. ಫೈಬ್ರಾಯ್ಡಿನಂತೆಯೇ ಕಾಣುತ್ತದೆ, ಫೈಬ್ರಾಯ್ಡ್ ಎಂದು ಆಪರೇಷನ್ ಮಾಡಿಸಿಕೊಳ್ಳುವ ಸಾವಿರ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುತ್ತದೆ. ಅದನ್ನು ಇಡಿಯಾಗಿ ತೆಗೆಯಬೇಕು. ಹೊಟ್ಟೆಯೊಳಗೆ ಚೂರು ಮಾಡಿದರೆ ಕಣಗಳು ಅಲ್ಲಲ್ಲಿ ಉದುರಿ ಮೊಳೆಯಬಹುದು. ಫಲಿತಾಂಶ ಬಂದು ಎರಡು ತಿಂಗಳ ಮೇಲಾಗಿದೆ.

ಮೇಡಂ ಹೊರಗೆ ಬಂದು ಕಾರಿನಲ್ಲಿ ಕೂತಳು. ಇಂಜಿನ್ ಚಾಲೂ ಮಾಡಿದಳು, ಆರಿಸಿದಳು. ಸಾವಿನ ಭಯ ಆಮೇಲೆ ಬಂತು. ಮೊದಲು ಬಂದದ್ದು ಪುಟ್ಟಿಯ ಮುಖ, ಮಂಚದ ಪಕ್ಕ ಕೂತು ತಲೆ ನೇವರಿಸಿದ ಮುಖ. ಅದಕ್ಕೇ ಬರಲಿಲ್ಲವಾ ಪಾಪಿ? ಅದಕ್ಕೇ ಅಣ್ಣನ ಕೈಲಿ ಊಟ ಮಾಡು ಅಂತ ಹೇಳಿಕಳಿಸಿದೆಯಾ?

ಮನೆಗೆ ಬಂದು ಗಂಡನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಕೂತಲ್ಲೇ ಬಿಳಿಚಿಕೊಂಡರು.

"ನಿಮಗೆ ಗೊತ್ತಿತ್ತಾ?"

"ನನಗೆ... ಇಲ್ಲ," ಎಂದರು ಮೇಷ್ಟ್ರು. "ನನಗೂ ನಾರ್ಮಲ್ ಅಂತಾನೇ ಅಂದ್ಲು ಪುಟ್ಟಿ."

"ನೋಡಿ ನಿಮ್ಮ ತಂಗಿನ!"

ಮೇಷ್ಟ್ರು ಎದ್ದು ಬಂದು ಅವಳನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತರು. ಅವಳೂ ಅತ್ತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹಾಗೆ ಅತ್ತದ್ದನ್ನು ಅವಳು ನೋಡಿರಲಿಲ್ಲ. ಇವರೊಬ್ಬರಾದರೂ ಇದ್ದಾರಲ್ಲ ಎನ್ನಿಸಿತು.

ಮರುದಿನ ಸಂಜೆ ಪುಟ್ಟಿ ಬಂದಳು. ಗೇಟಿನ ಸದ್ದಿಗೆ ಮೇಡಂ ಕಿಟಕಿಗೆ ಬಂದು ನೋಡಿದರೆ, ಕೂದಲು ಕೆದರಿಕೊಂಡು ಆಸ್ಪತ್ರೆಯ ಕೋಟಿನಲ್ಲೇ ನಿಂತಿದ್ದಾಳೆ.

"ಮೆಟ್ಟಿಲು ಹತ್ತಬೇಡ!" ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವ ಹಾಗೆ ಮೇಡಂ ಕೂಗಿದಳು. "ನಿನ್ನ ಮುಖ ನನಗೆ ತೋರಿಸಬೇಡ!"

"ಅತ್ತಿಗೆ, ನನ್ನದೇ ತಪ್ಪು, ನೀವು ಬೈದರೆ ಬೈಸ್ಕೋತೀನಿ. ಆದ್ರೆ ಅಣ್ಣ ನಿಮಗೆ..."

ಅಷ್ಟರಲ್ಲಿ ಮೇಷ್ಟ್ರು ಹೊರಗೆ ಧಾವಿಸಿ ತಂಗಿಯ ತೋಳು ಹಿಡಿದು, "ಈಗ ಬೇಡ, ಹೋಗು, ಅವಳ ಸ್ಥಿತಿ ನೋಡು," ಎನ್ನುತ್ತ ಗೇಟಿನಾಚೆ ಕರೆದುಕೊಂಡು ಹೋದರು. ನನ್ನ ಪರವಾಗಿ ಒಡಹುಟ್ಟಿದವಳನ್ನೇ ಹೊರಗೆ ಹಾಕಿದರು ಎಂದು ಮೇಡಂಗೆ ಅವರ ಮೇಲೆ ಅಭಿಮಾನ ಉಕ್ಕಿತು.

ಕ್ಯಾನ್ಸರ್ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ಅಲ್ಲಿನ ಡಾಕ್ಟರು ಉದ್ದನೆಯ, ಬಾಗಿದ ಬೆನ್ನಿನ ಮನುಷ್ಯ. ಮಾತು ಕಡಿಮೆ, ಆದರೆ ಏನನ್ನೂ ಮುಚ್ಚಿಡುವವರಲ್ಲ. ಹೊಸ ಸ್ಕ್ಯಾನ್ ತೋರಿಸಿ, ಹೊಟ್ಟೆಯ ಒಳಪದರದ ಮೇಲೆ ಅಲ್ಲಲ್ಲಿ ಕಾಳಿನಂಥ ಗಂಟುಗಳಿವೆ, ಶ್ವಾಸಕೋಶದಲ್ಲೂ ಒಂದು ಸಣ್ಣ ಚುಕ್ಕೆ ಇದೆ ಎಂದರು.

"ಎರಡು ತಿಂಗಳು ಮುಂಚೆ ಬಂದಿದ್ರೆ?" ಮೇಡಂ ಕೇಳಿದಳು.

ಅವರು ಪೆನ್ನು ಕೆಳಗಿಟ್ಟರು. "ಆಗಲೇ ಬಂದಿದ್ರೆ ಪೂರ್ತಿ ಗುಣ ಆಗ್ತಿತ್ತು ಅಂತ ನಾನು ಹೇಳೋಕಾಗಲ್ಲ. ಆಗ್ತಿರಲಿಲ್ಲ ಅಂತಾನೂ ಹೇಳೋಕಾಗಲ್ಲ. ಗಂಟುಗಳು ಕಡಿಮೆ ಇರ್ತಿದ್ವು, ಅಷ್ಟು ಹೇಳಬಲ್ಲೆ."

ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರು ಎದ್ದು ನೀರು ಕುಡಿಯಲು ಹೊರಗೆ ಹೋದರು.

ಈ ಸಲ ಹೊಟ್ಟೆಯನ್ನು ಉದ್ದಕ್ಕೂ ತೆರೆದರು. ಅಂಡಾಶಯ, ಕೊಬ್ಬಿನ ಪದರ, ಕಣ್ಣಿಗೆ ಕಂಡ ಗಂಟುಗಳು, ಎಲ್ಲವನ್ನೂ ತೆಗೆದರು. ಗಾಯ ಮಾಗಿದ ಮೇಲೆ ಕೀಮೋ ಶುರುವಾಯಿತು. ಸಿರಿಂಜಿನಲ್ಲಿ ಶರಬತ್ತಿನ ಬಣ್ಣದ ಔಷಧಿ. ಹಾಕಿಸಿಕೊಂಡ ದಿನ ಮೂತ್ರವೂ ಕೆಂಪು. ಎರಡನೆಯ ಸರದಿಗೆ ಕೂದಲು ದಿಂಬಿನ ಮೇಲೆ ಉಳಿಯಿತು. ಬಾಯಿ ತುಂಬ ಹುಣ್ಣು, ಬಿಸಿ ಸೂಪಿನ ವಾಸನೆ ಬಂದರೂ ವಾಂತಿ. ಅವೆಲ್ಲದರಲ್ಲೂ ಮೇಷ್ಟ್ರು ಒಂದು ಗಳಿಗೆಯೂ ಅವಳನ್ನು ಬಿಟ್ಟಿರಲಿಲ್ಲ. ಶಾಲೆಗೆ ದೀರ್ಘ ರಜೆ ಹಾಕಿದರು. ಬೇಸಿನ್ ಹಿಡಿದರು, ಬಾಯಿ ಒರೆಸಿದರು, ಕಾಲು ಒತ್ತಿದರು. ಜಡೆ ಹೆಣೆಯಲು ಬಾರದಿದ್ದ ಆ ಕೈಗಳೇ ಅವಳ ತಲೆಯಲ್ಲಿ ಉಳಿದಿದ್ದ ನಾಲ್ಕು ಎಳೆಗಳನ್ನು ನಾಜೂಕಾಗಿ ಬೋಳಿಸಿದವು.

"ಈಗ ಭೂಪಟದ ಹಾಗೆ ಕಾಣ್ತಿದೀನಾ?" ಎಂದು ಅವಳು ಕನ್ನಡಿಯಲ್ಲಿ ತಲೆ ನೋಡಿಕೊಂಡು ಕೇಳಿದಳು.

"ಭೂಗೋಳದ ಹಾಗೆ," ಎಂದರು ಮೇಷ್ಟ್ರು. ಇಬ್ಬರೂ ನಕ್ಕರು. ಆ ದಿನಗಳಲ್ಲಿ ಅವಳು ಅವರನ್ನು ಮದುವೆಯಾದ ಹೊಸದರಲ್ಲಿ ಪ್ರೀತಿಸಿದ್ದಕ್ಕಿಂತ ಹೆಚ್ಚು ಪ್ರೀತಿಸಿದಳು.

ಪುಟ್ಟಿಯ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ. ನರ್ಸಿಂಗ್ ಹೋಮಿಗೆ ದೂರು ಕೊಡುತ್ತೇನೆ ಎಂದು ಹಟ ಹಿಡಿದಳು. ಮೇಷ್ಟ್ರಿಗೆ ಅದು ಸುತರಾಂ ಇಷ್ಟವಿರಲಿಲ್ಲ.

"ಮನೆ ಹುಡುಗಿ ಕಣೇ. ನಾವೇ ಬೆಳೆಸಿದ್ದು. ಬೀದಿಗೆ ಎಳೆಯೋದು ಬೇಡ."

"ಬೆಳೆಸಿದ್ದಕ್ಕೇ ಎಳೀತೀನಿ. ಗುರುತಿಲ್ಲದ ಡಾಕ್ಟರು ಹೀಗೆ ಮಾಡಿದ್ರೆ ಬಿಟ್ಟುಬಿಡ್ತಿದ್ದೆ. ಆಪರೇಷನ್‌ನಲ್ಲಿ ತಪ್ಪಾಯ್ತು, ಆಗಲಿ. ಆದ್ರೆ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತ್ಲಲ್ಲ, ನನ್ನ ಹೊಟ್ಟೇಲಿ ಅದು ಬೆಳೀತಾ ಇರೋವಾಗ!"

ನಾಲ್ಕನೆಯ ಕೀಮೋ ಆದ ಮೇಲೆ ವಿಚಾರಣೆಗೆ ಕರೆ ಬಂತು. ನರ್ಸಿಂಗ್ ಹೋಮಿನ ಮೇಲಿನ ಮಹಡಿಯಲ್ಲಿ ಉದ್ದ ಮೇಜಿನ ಕೋಣೆ. ಒಂದು ಕಡೆ ಮೂವರು ಡಾಕ್ಟರುಗಳ ಸಮಿತಿ, ಅದಕ್ಕೆ ಹೊರಗಿನಿಂದ ಬಂದ ಒಬ್ಬ ಹಿರಿಯ ವೈದ್ಯೆ ಅಧ್ಯಕ್ಷೆ. ಎದುರಿಗೆ ಪುಟ್ಟಿ. ಅವಳು ಎಷ್ಟು ಸೊರಗಿದ್ದಳೆಂದರೆ, ಕಾಯಿಲೆ ಯಾರಿಗೆ ಎಂದು ಹೊಸಬರು ಕೇಳಬೇಕು. ಮೇಡಂ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಗಂಡನ ತೋಳು ಹಿಡಿದು ಕೂತಳು. ಆ ತೋಳು ಬೆವರಿತ್ತು.

ಮೊದಲು ಆಪರೇಷನ್ ಬಗ್ಗೆ ಕೇಳಿದರು. ಪುಟ್ಟಿ ಏನನ್ನೂ ಅಲ್ಲಗಳೆಯಲಿಲ್ಲ. ಎಂಆರ್‌ಐ ಮಾಡಿಸಲಿಲ್ಲ, ಮಾಡಿಸಬೇಕಿತ್ತು. ಕಣಗಳು ಉದುರದಂತೆ ಗಡ್ಡೆಯನ್ನು ಒಂದು ಚೀಲದೊಳಗೆ ಹಾಕಿ ಚೂರು ಮಾಡಬಹುದಿತ್ತು, ಮಾಡಲಿಲ್ಲ. ಕ್ಯಾನ್ಸರ್ ಇದ್ದರೆ ಹರಡಬಹುದು ಎಂಬ ಅಪಾಯವನ್ನು ರೋಗಿಗೆ ಹೇಳಲಿಲ್ಲ. "ನನ್ನ ಕೈಗೆ ಇಂಥದ್ದು ಯಾವತ್ತೂ ಸಿಕ್ಕಿರಲಿಲ್ಲ. ಸಿಗಲ್ಲ ಅಂದ್ಕೊಂಡಿದ್ದೆ," ಎಂದಳು.

"ಫಲಿತಾಂಶ ಬಂದಾಗ ಏನು ಮಾಡಿದಿರಿ? ಮೊದಲು ಯಾರಿಗೆ ಹೇಳಿದಿರಿ?" ಎಂದು ಹಿರಿಯ ವೈದ್ಯೆ ಕೇಳಿದರು.

ಪುಟ್ಟಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ದೂರಿನಲ್ಲಿ ನೀವು ಮುಚ್ಚಿಟ್ಟಿರಿ ಅಂತ ಇದೆ. ಒಪ್ಪಿಕೊಳ್ತೀರಾ?"

"ಒಪ್ಪ..." ಎಂದವಳು ತಲೆಯೆತ್ತಿ ಅಣ್ಣನನ್ನು ನೋಡಿದಳು. "ಇಲ್ಲ. ಒಪ್ಪಲ್ಲ. ಕ್ಷಮಿಸು ಅಣ್ಣ, ನನ್ನ ಕೈಲಿ ಆಗಲ್ಲ."

"ಯಾರಿಗೆ ಹೇಳಿದಿರಿ ಹಾಗಾದ್ರೆ?"

"ಅಣ್ಣನಿಗೆ. ಫಲಿತಾಂಶ ಬಂದ ದಿನವೇ. ಅತ್ತಿಗೆಗೆ ನಾನೇ ಹೇಳ್ತೀನಿ, ಈಗಲೇ ಮನೆಗೆ ಬರ್ತೀನಿ ಅಂದೆ. ನೀನು ಬರಬೇಡ, ಗಂಡನಾದವನು ನಾನು ಹೇಳಬೇಕು ಅಂದ. ಮಾರನೇ ದಿನ ಫೋನ್ ಮಾಡಿ, ಹೇಳಿದೀನಿ, ಬೇರೆ ದೊಡ್ಡ ಆಸ್ಪತ್ರೇಲಿ ತೋರಿಸ್ತಿದೀವಿ, ಆದ್ರೆ ಅವಳಿಗೆ ನಿನ್ನ ದನಿ ಕೇಳೋಕೂ ಆಗ್ತಿಲ್ಲ, ಅವಳಾಗೇ ಕರೆಯೋ ತನಕ ಬರಬೇಡ ಅಂದ. ನಾನು ನಂಬಿದೆ. ಅತ್ತಿಗೆಗೆ ಏನೂ ಗೊತ್ತಿಲ್ಲ ಅಂತ ಬದಲಿ ಡಾಕ್ಟರು ಹೇಳಿದ ಮೇಲೆ ಓಡಿ ಬಂದೆ, ನಾನೇ ಎಲ್ಲಾ ಹೇಳ್ತೀನಿ ಅಂತ ಅಣ್ಣ ಗೇಟಿನಿಂದಲೇ ಕಳಿಸಿದ. ಎಲ್ಲಾ ನನ್ನ ಮೇಲೇ ಹಾಕಿದಾನೆ ಅಂತ ಗೊತ್ತಾಗಿದ್ದು ಈ ದೂರು ಓದಿದ ಮೇಲೆ." ಅವಳು ಮೂಗು ಒರೆಸಿಕೊಂಡಳು. "ಮೊನ್ನೆ ಬಂದು, ಮುಚ್ಚಿಟ್ಟೆ ಅಂತ ಒಪ್ಕೊಂಡುಬಿಡು, ಹೇಗೂ ನಿನ್ನ ಮೇಲೆ ತಪ್ಪು ಇದ್ದೇ ಇದೆ, ಅವಳು ನನ್ನೊಬ್ಬನ್ನೇ ನಂಬ್ಕೊಂಡಿದಾಳೆ ಅಂತ ಕೇಳ್ಕೊಂಡ. ಒಪ್ಕೋಬೇಕು ಅಂತಾನೇ ಬಂದಿದ್ದೆ."

ಮೇಡಂ ಗಂಡನ ಮುಖ ನೋಡಲಿಲ್ಲ. ತೋಳು ಹಿಡಿದಿದ್ದ ತನ್ನ ಕೈಯನ್ನು ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ತನ್ನ ತೊಡೆಯ ಮೇಲೆ ತಂದಿಟ್ಟುಕೊಂಡಳು.

"ನೀವು ನೇರವಾಗಿ ರೋಗಿಗೇ ಹೇಳಬೇಕಿತ್ತು," ಎಂದರು ಹಿರಿಯ ವೈದ್ಯೆ.

"ಹೌದು. ಬರಬೇಡ ಅಂದಾಗ ನನಗೆ ಒಳಗೊಳಗೇ ಸಮಾಧಾನವಾಯ್ತು. ಅದೂ ನನ್ನದೇ ತಪ್ಪು," ಎಂದಳು ಪುಟ್ಟಿ.

ಹೊರಗಿನ ಕಾರಿಡಾರಿನಲ್ಲಿ ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮೇಡಂ ಒಂದರಲ್ಲಿ ಕೂತಳು. ಮೇಷ್ಟ್ರು ಎದುರಿಗೆ ನಿಂತರು, ಉತ್ತರ ಬಾರದ ಹುಡುಗ ಬೋರ್ಡಿನ ಮುಂದೆ ನಿಂತ ಹಾಗೆ.

"ಹೇಳಿ," ಎಂದಳು.

"ಅಮ್ಮನಿಗೆ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಕ್ಯಾನ್ಸರ್ ಅಂದುಬಿಟ್ರು. ಅವತ್ತೇ ಗೋಡೆ ಕಡೆ ಮುಖ ಮಾಡಿ ಮಲಗಿದ್ಲು. ತಿಂಗಳು ತುಂಬೋದ್ರೊಳಗೆ ಹೋದ್ಲು. ಕಾಯಿಲೆ ಕೊಲ್ಲಲಿಲ್ಲ ಅವಳನ್ನ, ಆ ಮಾತು ಕೊಂದಿತು. ನಿನಗೂ ಹಾಗೇ ಆದ್ರೆ ಅಂತ... ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಬೆಳಿಗ್ಗೆ ನೀನು ಹಾಡ್ಕೊಂಡು ಗಾಡಿ ತೊಳೀತಿದ್ರೆ ಬಾಯೇ ಬರ್ತಿರಲಿಲ್ಲ."

"ಆ ಭಯ ನನ್ನದಾಗಿತ್ತು ಕಣ್ರೀ. ನಾನು ಪಡಬೇಕಾಗಿದ್ದ ಭಯ. ಅದನ್ನೂ ನನಗೆ ಬಿಡದೆ ನೀವೇ ಇಟ್ಕೊಂಡ್ರಿ."

"ತಪ್ಪಾಯ್ತು."

"ಇರಲಿ. ಅದನ್ನ ಭಯ ಅಂತಾನೇ ಅಂದ್ಕೊಳ್ಳೋಣ. ಆಸ್ಪತ್ರೆಯಿಂದ ಬಂದು ನಾನು ಕೇಳಿದೆನಲ್ಲ, ನಿಮಗೆ ಗೊತ್ತಿತ್ತಾ ಅಂತ. ಆಗ ಆ ಹುಡುಗಿ ಮೇಲೆ ಹಾಕಿದ್ರಲ್ಲ, ಅದು ಯಾವ ಭಯ? ಗೇಟಿನ ಹತ್ರ ಅವಳ ತೋಳು ಹಿಡಿದು ದಬ್ಬಿದ್ರಲ್ಲ, ಅದು?"

"ನೀನು ನನ್ನನ್ನ ಬಿಟ್ಟುಬಿಡ್ತೀಯ ಅಂತ," ಎಂದರು ಮೇಷ್ಟ್ರು.

ಕಾರಿಡಾರಿನಲ್ಲಿ ಒಬ್ಬ ನರ್ಸ್ ಔಷಧಿಯ ಗಾಡಿ ತಳ್ಳಿಕೊಂಡು ಬಂದಳು. ದಾರಿ ಬಿಡಲು ಮೇಷ್ಟ್ರು ಗೋಡೆಗೆ ಅಂಟಿಕೊಂಡರು. ಮೇಡಂಗೆ ಒಂದೊಂದೇ ನೆನಪಾಗತೊಡಗಿತು. ಪುಟ್ಟಿ ಊಟ ಮಾಡಲು ಹೇಳಿದಳು ಎಂದು ತಂದ ಮಾತು, ಪುಟ್ಟಿ ಮುಂದಿನ ವಾರ ಬರುತ್ತಾಳಂತೆ ಎಂಬ ಮಾತು. ಎಲ್ಲವನ್ನೂ ಕೂತು ಕಟ್ಟಿದ್ದಾರೆ. ತನ್ನ ಬಾಯಿ ಒರೆಸಿದ ಕೈ, ತಲೆ ಬೋಳಿಸಿದ ಕೈ, ಆ ನಗು. ಅದರಲ್ಲಿ ಪ್ರೀತಿ ಎಷ್ಟು, ಪ್ರಾಯಶ್ಚಿತ್ತ ಎಷ್ಟು? ಹೇಗೆ ಬೇರೆ ಮಾಡುವುದು? ಪುಟ್ಟಿ ಹೊಟ್ಟೆಯನ್ನು ಕೊಯ್ದಿದ್ದಳು, ಆಗ ತನಗೆ ಎಚ್ಚರವಿರಲಿಲ್ಲ. ಇವರು ಎಚ್ಚರವಿದ್ದಾಗಲೇ ಕೊಯ್ದರು, ತಾನು ಅವರ ಕೈ ಹಿಡಿದುಕೊಂಡಿದ್ದಾಗಲೇ.

ಮೇಡಂ ಮನೆ ಬಿಟ್ಟಳು. ಡ್ರೈವಿಂಗ್ ಸ್ಕೂಲಿನ ಮೇಲೆ ಒಂದು ಕೋಣೆ ಖಾಲಿ ಬಿದ್ದಿತ್ತು, ಹಳೇ ಟೈರುಗಳನ್ನು ತೆಗೆಸಿ ಮಂಚ ಹಾಕಿಸಿಕೊಂಡಳು. ಉಳಿದ ಎರಡು ಕೀಮೋಗಳಿಗೆ ಹಳೆಯ ಶಿಷ್ಯೆಯರು ಸರದಿ ಹಾಕಿಕೊಂಡು ಕರೆದೊಯ್ದರು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಬಕೆಟ್ ತಬ್ಬಿಕೊಂಡು ಕಣ್ಣು ಮುಚ್ಚಿ ಮಲಗಿದ್ದರೂ, ತಿರುವು ಬಂದಾಗ "ಸಿಗ್ನಲ್ ಹಾಕಿದೆಯೇನೇ?" ಎಂದು ಕೇಳುತ್ತಿದ್ದಳು. ಅವರಲ್ಲೊಬ್ಬಳು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹಿರಿಯ ಹೆಂಗಸು, "ಕೀಮೋ ನಿಮಗೋ ನಮಗೋ ಮೇಡಂ?" ಎಂದಳು. ಅವತ್ತು ಮೇಡಂ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು, ನಕ್ಕು ವಾಂತಿ ಮಾಡಿದಳು.

ಸಮಿತಿಯ ತೀರ್ಮಾನ ಬಂತು. ಪುಟ್ಟಿಯನ್ನು ಒಂದು ವರ್ಷ ಆಪರೇಷನ್ ಮಾಡದಂತೆ ತಡೆದರು. ಆ ತಿರುಗುವ ಯಂತ್ರವನ್ನು ಚೀಲವಿಲ್ಲದೆ ಬಳಸಬಾರದು, ಅಪಾಯವನ್ನು ರೋಗಿಗೆ ಬಾಯಿಬಿಟ್ಟು ಹೇಳಲೇಬೇಕು ಎಂದು ನಿಯಮ ಮಾಡಿದರು. ಅದಾದ ವಾರವೇ ಪುಟ್ಟಿ ಆ ಮೇಲಿನ ಕೋಣೆಗೆ ಬಂದಳು. ಬಾಗಿಲ ಬಳಿಯೇ ನಿಂತಳು.

"ಒಳಗೆ ಬಾ," ಎಂದಳು ಮೇಡಂ. "ದೂರು ವಾಪಸ್ ತಗೊಳ್ಳಲ್ಲ. ಅದನ್ನ ಕೇಳೋಕೆ ಬಂದಿದ್ರೆ ಹೋಗು."

"ಅದಕ್ಕಲ್ಲ ಬಂದಿದ್ದು."

"ನೀನು ನನ್ನನ್ನ ನೋಡದೆ ಕೊಯ್ದೆ. ಅತ್ತಿಗೆ ತಾನೇ, ಏನಾಗುತ್ತೆ ಅಂತ ಕೊಯ್ದೆ. ಅದನ್ನ ನಾನು ಮರೆತಿಲ್ಲ, ಮರೀತೀನಿ ಅಂತಾನೂ ಹೇಳಲ್ಲ."

"ಹೂಂ."

"ಆದ್ರೆ ನೀನು ಹೇಳಬೇಕು ಅಂತ ಹೊರಟಿದ್ದೆ. ಅದು ನನಗೆ ಗೊತ್ತಿರಲಿಲ್ಲ." ಕೆಳಗೆ ಯಾರೋ ಕ್ಲಚ್ ಬಿಡಲು ಬಾರದೆ ಗಾಡಿಯನ್ನು ಕುಪ್ಪಳಿಸಿದರು. "ಮೊದಲೇ ಬರಬೇಕಿತ್ತು ನೀನು. ನಾನು ಬೈದರೂ ಬರಬೇಕಿತ್ತು."

ಪುಟ್ಟಿ ನೆಲದ ಮೇಲೆ ಕೂತು ಮಂಚಕ್ಕೆ ಹಣೆ ಹಚ್ಚಿದಳು. ಮೇಡಂ ಅವಳ ತಲೆ ಮುಟ್ಟಲಿಲ್ಲ. ಎದ್ದು ಹೋಗು ಎಂದೂ ಹೇಳಲಿಲ್ಲ.

ಕೀಮೋ ಮುಗಿದು, ಹೊಸ ಸ್ಕ್ಯಾನ್ ಆದ ಮೇಲೆ ಕ್ಯಾನ್ಸರ್ ಡಾಕ್ಟರು ಕರೆಸಿದರು. ಮೇಡಂ ಮೊದಲೇ ಷರತ್ತು ಹಾಕಿದ್ದಳು: ಏನೇ ಇರಲಿ, ನನಗೆ, ನನ್ನೊಬ್ಬಳಿಗೆ, ಮೊದಲು. ಹಾಗೆಯೇ ಆಯಿತು. ಹೊಟ್ಟೆಯಲ್ಲಿ ಈಗ ಏನೂ ಕಾಣುತ್ತಿಲ್ಲ. ಶ್ವಾಸಕೋಶದ ಚುಕ್ಕೆ ಹೋಗಿಲ್ಲ, ಬೆಳೆದೂ ಇಲ್ಲ. "ಇದು ವಾಪಸ್ ಬರೋ ಜಾತಿಯ ಕಾಯಿಲೆ," ಎಂದರು ಅವರು. "ಮೂರು ತಿಂಗಳಿಗೊಮ್ಮೆ ನೋಡೋಣ. ಬಂದ್ರೆ ಆಗ ಏನು ಮಾಡೋದು ಅಂತ ಇಬ್ಬರೂ ಕೂತು ಮಾತಾಡೋಣ. ಅಲ್ಲಿ ತನಕ ನಿಮ್ಮ ಕೆಲಸ ನೀವು ಮಾಡಿ."

"ಗಾಡಿ ಓಡಿಸಬಹುದಾ?"

"ಓಡಿಸದೆ ಬಂದ್ರಾ ಇವತ್ತು?"

ಅವಳು ನಕ್ಕು ಹೊರಗೆ ಬಂದಳು. ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದರು. ಸ್ಕ್ಯಾನಿನ ದಿನ ಅವರಿಗೆ ಹೇಗೆ ಗೊತ್ತಾಯಿತೋ, ಪುಟ್ಟಿಯಿಂದಲೇ ಇರಬೇಕು. ಗಡ್ಡ ಬೆಳೆದಿತ್ತು, ಅಂಗಿಯ ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಅವಳನ್ನು ಕಂಡು ಎದ್ದು ನಿಂತರು.

"ಏನಂದ್ರು?"

ಅವಳು ಚೀಲದಿಂದ ಕಾರಿನ ಕೀಲಿ ತೆಗೆದಳು. ಇವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ. ಎಲ್ಲಾ ನಾರ್ಮಲ್ ಅಂತೆ ಎಂದು ಹೇಳಿ ಹೋಗಿಬಿಡಬಹುದು. ಅಥವಾ ಏನೂ ಹೇಳದೆ ಹೋಗಬಹುದು. ತನ್ನಿಂದ ಮುಚ್ಚಿಟ್ಟಷ್ಟೇ ಕಾಲ, ಎರಡು ತಿಂಗಳು, ಇವರೂ ಹಗಲೂ ರಾತ್ರಿ ಲೆಕ್ಕ ಹಾಕುತ್ತ ಕೂತಿರಲಿ. ಆಸೆಯಾಯಿತು, ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಆದರೆ ಆ ಸುಳ್ಳನ್ನು ಹೊತ್ತುಕೊಂಡು ತಿರುಗಬೇಕಾದವಳು ತಾನೇ ಎಂದು ಹೊಳೆದು, ಮೈಯೆಲ್ಲ ದಣಿವೆನಿಸಿತು.

"ಹೊಟ್ಟೇಲಿ ಏನೂ ಇಲ್ಲ. ಎದೇಲಿ ಚುಕ್ಕೆ ಹಾಗೇ ಇದೆ. ಮತ್ತೆ ಬರಬಹುದು, ಬರದೇನೂ ಇರಬಹುದು," ಎಂದಳು. "ಇಷ್ಟೇ ಹೇಳಿದ್ದು. ಇದರಲ್ಲಿ ಒಂದು ಮಾತೂ ಹೆಚ್ಚಿಲ್ಲ, ಕಡಿಮೆ ಇಲ್ಲ."

ಮೇಷ್ಟ್ರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಆಮೇಲೆ, "ಮನೆಗೆ ಬರ್ತೀಯಾ?" ಎಂದರು.

"ಇಲ್ಲ."

"ಯಾವತ್ತಾದ್ರೂ?"

"ಗೊತ್ತಿಲ್ಲ ಕಣ್ರೀ. ಗೊತ್ತಾದ ದಿನ ನಿಮಗೇ ಹೇಳ್ತೀನಿ."

ಅವರು ಅವಳ ಹಿಂದೆಯೇ ಪಾರ್ಕಿಂಗ್ ತನಕ ಬಂದರು. ಅವಳು ಕಾರಿನ ಬಾಗಿಲು ತೆಗೆದಾಗ ಅಭ್ಯಾಸಬಲದಿಂದ ಪಕ್ಕದ ಸೀಟಿನ ಕಡೆ ಹೊರಟು, ಅರ್ಧದಲ್ಲಿ ನಿಂತರು. ಮೇಡಂ ಕಿಟಕಿಯ ಗಾಜು ಇಳಿಸಿದಳು.

"ಬಸ್ ಸ್ಟಾಪ್ ಆ ಕಡೆ," ಎಂದಳು. "ಅಂಗಿ ಗುಂಡಿ ಸರಿ ಮಾಡ್ಕೊಳ್ಳಿ."

ಹನ್ನೊಂದು ಗಂಟೆಗೆ ಹೊಸ ಶಿಷ್ಯೆಯೊಬ್ಬಳು ಕಾಯುತ್ತಿದ್ದಳು. ಮೇಡಂ ಕನ್ನಡಿ ನೋಡಿ, ಗಾಡಿಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದು ರಸ್ತೆಗೆ ಇಳಿಸಿದಳು.